ಸಾಕು ಅನ್ನುವಷ್ಟು ಸೀರೆ

ಸಿದ್ದಾಪುರದಲ್ಲಿ ನನ್ನ ಸೋದರಮಾವನ ಮನೆಯ ಮದುವೆ ಇತ್ತು. ಹಿಂದಿನ ದಿನ ಸಂಜೆ ಆಫೀಸಿನಿಂದ ಬಂದವಳೇ ಕಪಾಟು ತೆಗೆದು, ಕೆಳಗಿನ ಹಲಗೆಯಲ್ಲಿ ಮಡಿಸಿಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆಗೆ ಕೈ ಹಾಕಿದೆ. ಕೈಗೆ ಮಣ್ಣು ಹತ್ತಿತು. ಒಣಗಿ ಪುಡಿಪುಡಿಯಾದ ಗೆದ್ದಲು ಮಣ್ಣು. ಗಾಬರಿಯಿಂದ ಸೀರೆಯನ್ನು ಎಳೆದರೆ ಜರಿಯ ಅಂಚಷ್ಟೇ ಕೈಗೆ ಬಂತು, ಉಳಿದದ್ದು ಜಾಳು ಜಾಳಾಗಿ ಅಲ್ಲೇ ಉದುರಿತು.

"ಅತ್ತೀ, ಇಲ್ಲಿ ಬರ್ರಿ, ಒರಲಿ ಹತ್ತೈತಿ!" ಎಂದು ಕೂಗಿದೆ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಕಪಾಟಿನ ಹಿಂದಿನ ಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿದರು. ಹಪ್ಪಳ ಮುರಿದ ಹಾಗೆ ಸದ್ದಾಯಿತು.

"ಹಿಂದಿನ ಹಲಗಿ ಎಲ್ಲಾ ತಿಂದಾವ ನೋಡವಾ. ಗ್ವಾಡಿ ಹಸಿ ಇತ್ತು, ನಾವು ಯಾರೂ ಸರಿಸಿ ನೋಡ್ಲಿಲ್ಲ" ಎಂದರು.

ಆ ಕಪಾಟು ನನ್ನ ಮದುವೆಯಲ್ಲಿ ಅಪ್ಪ ಕೊಟ್ಟದ್ದು. ಅಪ್ಪ ಗಂಗಾವತಿಯಲ್ಲಿ ಅಕ್ಕಿಯ ದಲಾಲಿ ಮಾಡುತ್ತಿದ್ದವರು. ನನ್ನ ಗಂಡ ಕೊಪ್ಪಳದ ಹೈಸ್ಕೂಲಿನಲ್ಲಿ ಮಾಸ್ತರು. ನಾನು ಯಲಬುರ್ಗಾದಲ್ಲಿ ಸರಕಾರಿ ಕಚೇರಿಯೊಂದರ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಗಂಡ ಶಾಲೆಗೆ ಹೋಗುತ್ತಿದ್ದಾಗಲೇ ಮಾವ ತೀರಿಕೊಂಡಿದ್ದರು. ನಮ್ಮ ಮದುವೆಯಾದ ಮೇಲೆ ಅತ್ತೆ ಕುಷ್ಟಗಿ ಕಡೆಯ ತಮ್ಮ ಹಳ್ಳಿ ಬಿಟ್ಟು ನಮ್ಮ ಜೊತೆಗೇ ಇದ್ದಾರೆ. ಬಾಡಿಗೆಯ ಮನೆ, ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಆ ಕಪಾಟೇ ಅರ್ಧ ಕೋಣೆ ತಿಂದಿತ್ತು. ಬಾಗಿಲು ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಒತ್ತಬೇಕಾಗುತ್ತಿತ್ತು, ಅಷ್ಟು ಸೀರೆ ತುಂಬಿದ್ದೆ.

ಮದುವೆಗೆ ಮೇಲಿನ ಹಲಗೆಯಲ್ಲಿದ್ದ ಯಾವುದೋ ಒಂದನ್ನು ಉಟ್ಟು ಹೋಗಿ ಬಂದೆ. ಆ ಭಾನುವಾರ ಕಪಾಟಿನಲ್ಲಿದ್ದುದನ್ನೆಲ್ಲ ಮಾಳಿಗೆಗೆ ಸಾಗಿಸಿದೆವು. ನಾನು ಮೆಟ್ಟಿಲು ಹತ್ತಿ ಇಳಿದೂ ಹತ್ತಿ ಇಳಿದೂ ಸುಸ್ತಾದೆ. ಕಟ್ಟಿದ ಹಗ್ಗ ಸಾಲಲಿಲ್ಲ. ಗೋಡೆಯ ಕಟ್ಟೆಯ ಮೇಲೆ ಹರವಿದೆ, ನೀರಿನ ಟಾಕಿಯ ಮೇಲೆ ಹರವಿದೆ, ಕೊನೆಗೆ ಚಾಪೆ ಹಾಸಿ ನೆಲದ ಮೇಲೂ ಹರವಿದೆ. ಮಾಳಿಗೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಣ್ಣುಮಗಳು ನಿಂತು ನೋಡಿ, "ಯಕ್ಕಾ, ಅಂಗಡಿ ಹಚ್ಚಾಕತ್ತೀರೇನ್ರಿ?" ಎಂದು ನಕ್ಕಳು.

ಒರಲೆ ಹಾಳು ಮಾಡಿದ್ದು ಕೆಳಗಿನ ಹಲಗೆಯದಷ್ಟೇ. ಉಳಿದವೆಲ್ಲ ಕೊಡವಿ ಬಿಸಿಲು ತೋರಿಸಿದರೆ ಚೆನ್ನಾಗಿಯೇ ಇದ್ದವು. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟನ್ನೂ ಒಟ್ಟಿಗೆ ನಾನು ಎಂದೂ ನೋಡಿರಲಿಲ್ಲ. ಕೆಲವು ನನ್ನವೇ ಎಂದು ಗುರುತೇ ಹತ್ತಲಿಲ್ಲ. ಮದುವೆ, ಸೀಮಂತದ ಕುಬಸ, ತೊಟ್ಟಿಲು ಎಂದು ಕರೆದ ಮನೆಗಳಲ್ಲಿ ಆಯೇರಿ ಅಂತ ಉಡಿಗೆ ಹಾಕಿ ಕೊಟ್ಟವು, ಮಡಿಕೆ ಕೂಡ ಬಿಚ್ಚದೆ ಹಾಗೇ ಇದ್ದವು. ಮೈ ಇಳಿದ ಮೇಲೆ ಚೆಂದ ಕಾಣುತ್ತವೆ ಎಂದು ತೆಗೆದಿಟ್ಟವು ಇದ್ದವು, ಮೈ ಇಳಿದಿರಲಿಲ್ಲ. ಜಂಪರ್ ಬಿಗಿಯಾಯಿತೆಂದು ಬಿಟ್ಟವು, ಜಂಪರೇ ಹೊಲಿಸದವು. ಮಗಳು ಹುಟ್ಟಿದಾಗ ಉಡುತ್ತಿದ್ದ, ಹಾಲಿನ ಕಲೆ ಇನ್ನೂ ಹೋಗದ ಒಂದು ವಾಯಿಲ್ ಸೀರೆ ಸಿಕ್ಕಿತು. ಮಗಳು ಈಗ ಧಾರವಾಡದಲ್ಲಿ ಓದುತ್ತಾಳೆ. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಟಾಕಿಯ ನೆರಳಿಗೆ ಕುಳಿತೆ.

ಒರಲೆ ತಿಂದ ಕಪಾಟನ್ನು ಒಡೆದು ಹಂಡೆಯ ಒಲೆಗೆ ಹಾಕಿದರು ನಮ್ಮವರು. ಮರುದಿನ ಸಂಜೆ ಹೊಸದನ್ನು ತರೋಣ ಎಂದು ಇಬ್ಬರೂ ಕಬ್ಬಿಣದ ಕಪಾಟಿನ ಅಂಗಡಿಗೆ ಹೋದೆವು. ಅಂಗಡಿಯವನು ಒಂದೊಂದರ ಬಾಗಿಲೂ ಸದ್ದು ಮಾಡಿ ತೆಗೆದು ತೋರಿಸಿದ.

"ಎಷ್ಟ ದೊಡ್ಡದು ಬೇಕ್ರಿ ಅಕ್ಕಾರ? ಎರಡು ಬಾಗ್ಲದ್ದೋ, ಮೂರು ಬಾಗ್ಲದ್ದೋ?"

"ಮೂರು ಬಾಗ್ಲದ್ದು ತಂದ್ರ ನಾನು ಹೊರಗ ಕಟ್ಟಿ ಮ್ಯಾಲ ಮಲಗಬೇಕಾಗತೈತಿ" ಎಂದರು ನಮ್ಮವರು.

"ಅಲ್ರಿ ಸರ, ಅದು ಅಕ್ಕಾರ ಸೀರಿ ಮ್ಯಾಲ ಹೋಗತೈತಿ. ಸೀರಿ ಎಷ್ಟ ಅದಾವ್ರಿ ಅಕ್ಕಾರ?"

ನಾನು ಬೆರಳು ಮಡಿಸಿ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಎಷ್ಟಿವೆ ಎಂಬುದು ಗೊತ್ತಿರಲಿಲ್ಲ, ಎಷ್ಟು ಇರಬೇಕು ಎಂಬುದಂತೂ ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲೇ ಇಲ್ಲ. "ಅದನ್ನ ಮೊದಲ ನೋಡ್ಕೊಂಡು ಬರ್ತೀನ್ರಿ" ಎಂದು ಹೇಳಿ ಅಂಗಡಿಯ ಮೆಟ್ಟಿಲು ಇಳಿದುಬಿಟ್ಟೆ. ನಮ್ಮವರು ದಾರಿಯುದ್ದಕ್ಕೂ ನಕ್ಕರು.

ಹೀಗೆ ಕಪಾಟಿಲ್ಲದ ದಿನಗಳು ಶುರುವಾದವು. ಸೀರೆಗಳನ್ನೆಲ್ಲ ಹಳೆಯ ಚಾದರಗಳಲ್ಲಿ ಗಂಟು ಕಟ್ಟಿ, ಡಾಂಬರ ಗುಳಿಗೆ ಹಾಕಿ ಮಂಚದ ಮೇಲೆ ಒಟ್ಟಿದೆವು. ನಾವು ನೆಲದ ಮೇಲೆ ಮಲಗಿದೆವು. ಆಫೀಸಿಗೆಂದು ಆರೇಳು ಸೀರೆಗಳನ್ನು ಮಾತ್ರ ಹೊರಗೆ ಇಟ್ಟುಕೊಂಡು ಗೋಡೆಯ ಗೂಟಕ್ಕೆ ಹಾಕಿದೆ. ಸೋಮವಾರ ಉಟ್ಟದ್ದನ್ನು ಒಗೆದು ಮುಂದಿನ ವಾರ ಉಡುವುದು. ಮೊದಮೊದಲು ಮನಸ್ಸಿಗೆ ಮುಜುಗರ. ನಮ್ಮ ಆಫೀಸಿನಲ್ಲಿ ಹೆಣ್ಣುಮಕ್ಕಳು ಕಡಿಮೆ, ಉಟ್ಟದ್ದು ತೊಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದೇ ನಂಬಿದ್ದೆ. ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಒಂದು ವಾರ ಕಾದೆ, ಎರಡು ವಾರ ಕಾದೆ. ಯಾರೂ ಏನೂ ಅನ್ನಲಿಲ್ಲ. ಹಗುರವೂ ಅನ್ನಿಸಿತು, ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬಂತು. ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಕಪಾಟಿನ ಮುಂದೆ ನಿಂತು ಇದೋ ಅದೋ ಎಂದು ಒದ್ದಾಡಿದ್ದು ಯಾರಿಗಾಗಿ?

ಕೊನೆಗೆ ಪಕ್ಕದ ಟೇಬಲ್ಲಿನ ಹಿರಿಯ ಗುಮಾಸ್ತರೊಬ್ಬರು ಮಾತು ತೆಗೆದರು. "ಮೇಡಂ, ಒಂದು ಮಾತು ಕೇಳ್ಲ್ಯಾ?"

ಬಂತು ಅಂದುಕೊಂಡೆ. "ಕೇಳ್ರಿ ಸರ."

"ಈಗೀಗ ಮೊದಲಿನ ಬಸ್ಸಿಗೇ ಬರಾಕತ್ತೀರಲ್ಲ, ಟೈಮ್ ಬದಲಿ ಆಗೇತೇನ್ರಿ ಬಸ್ಸಿಂದು?"

ಬಸ್ಸಿನ ಟೈಮು ಬದಲಾಗಿರಲಿಲ್ಲ. ಸೀರೆ ಆರಿಸುವ ಹೊತ್ತು ಉಳಿದು ನಾನೇ ಬೇಗ ಹೊರಡುತ್ತಿದ್ದೆ. ಆ ಬಸ್ಸಿನಲ್ಲಿ ಕಿಟಕಿಯ ಸೀಟೂ ಸಿಗುತ್ತಿತ್ತು. ಎರೆ ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬೆಳೆದಿದ್ದ ಕಾಲ ಅದು. ಊರು ದಾಟುತ್ತಿದ್ದ ಹಾಗೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಒಂದು ದಿನ ಆ ಕಿಟಕಿಯ ಪಕ್ಕ ಕುಳಿತೇ ನಿರ್ಧಾರ ಮಾಡಿದೆ. ಎರಡು ಬಾಗಿಲ ಕಪಾಟು ತರುವುದು, ಅದರಲ್ಲಿ ಒಂದು ಬಾಗಿಲ ಹಿಂದಿನ ಜಾಗ ಮಾತ್ರ ನನ್ನದು, ಅದಕ್ಕೆ ಹಿಡಿಸದ್ದನ್ನು ಕೊಟ್ಟುಬಿಡುವುದು.

ಹೊಸ ವಿಚಾರ ತಲೆಗೆ ಹೊಕ್ಕವರು ಸುಮ್ಮನಿರುವುದಿಲ್ಲ. ನಾನೂ ಸುಮ್ಮನಿರಲಿಲ್ಲ. ಆಫೀಸಿನಲ್ಲಿ, ಓಣಿಯಲ್ಲಿ, ಫೋನಿನಲ್ಲಿ ಮಗಳ ಹತ್ತಿರ, ಎಲ್ಲೆಡೆ ಅದನ್ನೇ ಹೇಳಿದೆ. ಮಾತಿಗೊಮ್ಮೆ ಅತ್ತೆಯ ಉದಾಹರಣೆ ಕೊಟ್ಟೆ. "ನಮ್ಮ ಅತ್ತಿ ನೋಡ್ರಿ, ನಾಲ್ಕ ಸೀರಿ. ಒಂದು ಸಣ್ಣ ಟ್ರಂಕಿನ್ಯಾಗ ಅವರ ಸಂಸಾರ ಮುಗೀತು. ಎಷ್ಟ ನಿಶ್ಚಿಂತಿ!" ಅತ್ತೆ ಕಾಳು ಹಸನು ಮಾಡುತ್ತಲೋ ಬತ್ತಿ ಹೊಸೆಯುತ್ತಲೋ ಅಲ್ಲೇ ಕುಳಿತಿರುತ್ತಿದ್ದರು.

ಸುದ್ದಿ ಗಂಗಾವತಿಗೂ ಮುಟ್ಟಿತು. ಅವ್ವ ಬಸ್ಸು ಹತ್ತಿ ಬಂದೇಬಿಟ್ಟಳು. ಬಂದವಳು ನೀರು ಕೂಡ ಕುಡಿಯದೆ ಮಂಚದ ಮೇಲಿನ ಗಂಟು ಬಿಚ್ಚಿದಳು.

"ಇದನ್ನ ಕೊಡ್ತಿಯೇನ? ಇದು ನಿಮ್ಮ ಕಾಕಾ ಬನಶಂಕರಿಗೆ ಹೋದಾಗ ತಂದದ್ದು. ಇದು? ಇದು ನಿನ್ನ ಸೀಮಂತದಾಗ ನಾ ಕೈಯಾರೆ ಉಡಿಸಿದ್ದು. ಏ ಹುಚ್ಚಿ, ಸೀರಿ ಅಂದ್ರ ಬರೇ ಅರಬಿ ಅಂತ ತಿಳಕೊಂಡೀಯೇನ?"

"ಅವ್ವಾ, ಉಡದ ಇಟ್ರ ಏನ ಬಂತು? ಒರಲಿ ತಿಂತಾವ."

"ಒರಲಿ ತಿಂದ್ರ ಒರಲಿ ತಿಂತು. ಕೊಟ್ಟವರು ಕೇಳಿದ್ರ ಏನಂತಿ? ಸಿದ್ದಾಪುರದ ಮಾಮಿ ಮೊನ್ನೆ ಕೇಳಿದ್ಲು ನನ್ನ, ನಾ ಕೊಟ್ಟ ಸೀರಿ ಮಗಳು ಒಮ್ಮೆನೂ ಉಡಲಿಲ್ಲಲ್ಲ ಅಂತ. ನಾ ಏನ ಹೇಳ್ಲಿ?"

ಅವ್ವನ ಮಾತಿಗೆ ನಗು ಬಂದರೂ ಪೂರ್ತಿ ತಳ್ಳಿಹಾಕಲಿಕ್ಕೂ ಆಗಲಿಲ್ಲ. ಆ ಮಾಮಿ ತನ್ನ ಮೊದಲ ಬೆಳೆಯ ಭತ್ತ ಮಾರಿ ಬಂದ ಖುಷಿಯಲ್ಲಿ ಎಲ್ಲ ಸೊಸೆಯಂದಿರಿಗೂ ಅಳಿಯಂದಿರ ಮನೆಗೂ ಸೀರೆ ತಂದವಳು. ಅವಳ ಮನೆಯ ಮದುವೆಗೆ ಅವಳದೇ ಸೀರೆ ಉಟ್ಟು ಹೋಗಿದ್ದರೆ ಅವಳ ಮುಖ ಹೇಗಿರುತ್ತಿತ್ತು ಎಂದು ನಾನು ಯೋಚಿಸಿರಲಿಲ್ಲ. ನನ್ನ ಕಪಾಟು ಎಷ್ಟು ದೊಡ್ಡದಿರಬೇಕು ಎನ್ನುವುದು ನನ್ನೊಬ್ಬಳ ಮಾತಲ್ಲ ಎಂದು ಆಗ ಅನ್ನಿಸಿತು. ಮಾಮಿಯ ಸೀರೆಯನ್ನು ತೆಗೆದು ಇಟ್ಟುಕೊಳ್ಳುವವುಗಳ ಮೇಲೆ ಹಾಕಿದೆ. ಅವ್ವ ಸೀಮಂತದ್ದನ್ನೂ ತಾನೇ ಎತ್ತಿ ಅದರ ಮೇಲೆ ಇಟ್ಟಳು. ಇನ್ನೂ ಒಂದೆರಡನ್ನು ಸೇರಿಸಲು ನೋಡಿದಳು, ನಾನು ಬಿಡಲಿಲ್ಲ. ಇಬ್ಬರೂ ಜಗಳ ಮಾಡುತ್ತ ಮಾಡುತ್ತ ನಕ್ಕುಬಿಟ್ಟೆವು. ಸಂಜೆ ಹೋಗುವಾಗ ಮಾತ್ರ, "ಏನರ ಮಾಡ್ಕೋ, ಕಡೀಕ ಬಂದು ನನ್ನ ಮುಂದ ಅಳಬ್ಯಾಡ" ಎಂದು ಬಸ್ಸಿನ ಕಿಟಕಿಯಿಂದ ಹೇಳಿ ಹೋದಳು.

ಕೊಡುವ ಸೀರೆಗಳನ್ನು ಕುಷ್ಟಗಿಯಲ್ಲಿರುವ ನನ್ನ ನಾದಿನಿಗೆ ಕಳಿಸುವುದೆಂದು ಮಾಡಿದ್ದೆ. ಅವಳಿಗೆ ಮೂವರು ಹೆಣ್ಣುಮಕ್ಕಳು, ಉಡುವ ವಯಸ್ಸಿನವರು. ಮುಂದಿನ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಗಂಟು ಕಟ್ಟತೊಡಗಿದೆ. ನಮ್ಮವರು ಮನೆಯಲ್ಲಿರಲಿಲ್ಲ. ಅತ್ತೆ ಎದುರಿಗೆ ಕುಳಿತು ಒಂದೊಂದೇ ಮಡಿಸಿ ಕೊಡುತ್ತಿದ್ದರು. ಗಿಳಿಹಸಿರಿನ, ಕೆಂಪು ಅಂಚಿನ ಒಂದು ಸೀರೆ ಬಂದಾಗ ಅವರ ಕೈ ನಿಂತಿತು.

"ಇದನ್ನೂ ಕೊಡ್ತಿಯೇನವಾ?"

"ಹೂಂ ರೀ ಅತ್ತಿ. ಯಾಕ್ರಿ?"

"ಏನಿಲ್ಲ. ಬಣ್ಣ ಛಲೋ ಐತಿ."

ನಾನು ಗಂಟಿನ ತುದಿ ಕೈಯಲ್ಲಿ ಹಿಡಿದೇ ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಅಂಗೈಯನ್ನು ಸೀರೆಯ ಮೇಲೆ ಸಾವಕಾಶ ಆಡಿಸುತ್ತಿದ್ದರು.

"ನೀವು ಉಡ್ತೀರೇನ್ರಿ ಅತ್ತಿ?"

"ಛೇ, ನಾ ಏನ ಉಡ್ಲಿ! ಮಂದಿ ಏನಂದಾರು?" ಎಂದರು. ಆದರೆ ಕೈ ತೆಗೆಯಲಿಲ್ಲ. ಅಂಚಿನ ಸುಕ್ಕು ತಿದ್ದುತ್ತ, "ನಾಲ್ಕ ಸೀರಿ ಸಾಕು ಅಂತ ನಾ ಯಾವಾಗ ಅಂದೀನವಾ? ನೀನ ಎಲ್ಲಾರ ಮುಂದ ಹಂಗ ಹೇಳ್ಕೋತ ಅಡ್ಡಾಡ್ತಿ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಹೇಳಬೇಕೆಂದು ಇಟ್ಟುಕೊಂಡ ಮಾತನ್ನು ಹೇಳಿದ ಹಾಗಿತ್ತು. ನಾನು ಗಂಟಿನ ತುದಿ ಕೆಳಗೆ ಬಿಟ್ಟೆ. ಅವರೇ ಮುಂದುವರಿಸಿದರು.

"ನಿಮ್ಮ ಮಾವ ಇದ್ದಾಗ ನನ್ನ ಟ್ರಂಕಿನ್ಯಾಗ ಛಲೋ ಛಲೋ ಸೀರಿ ಇದ್ದುವು. ಒಂದು ಅರಿಷಿಣ ಬಣ್ಣದ ಇಳಕಲ್ ಸೀರಿ, ಒಂದು ಹಸರು. ಅವರೇ ಸಂತಿಗೆ ಹೋಗಿ ತರತಿದ್ರು. ಅವರು ಹೋದ್ರು, ದಿನಕರ್ಮ ಮುಗಿಯೂದ್ರಾಗ ಎಲ್ಲಾ ಹಂಚಿಬಿಟ್ರು. ಮಗಳಿಗೊಂದು, ನೆಗೆಣ್ಣಿಗೊಂದು. ಇನ್ನ ನಿನಗ್ಯಾಕ ಇವು ಅಂದ್ರು ಹಿರ್ಯಾರು. ನಾನೂ ಹೌದಲ್ಲ ಅಂದೆ. ಆವಾಗ ನನಗ ಏನು ವಯಸ್ಸಾಗಿತ್ತು? ನಿನಕಿಂತ ಸಣ್ಣಾಕಿ. ಆಮ್ಯಾಲ ಯಾವ ಮದುವಿಗೆ ಹೋದ್ರೂ ಬೂದಿ ಬಣ್ಣದ್ದು, ಇಲ್ಲಾ ಕಂದು ಬಣ್ಣದ್ದು ಕೈಯಾಗ ಇಡ್ತಾರ. ಹರದ್ರ ಮತ್ತೊಂದು ಅಂಥಾದ್ದ. ಅದಕ್ಕ ನಾಲ್ಕು ಅದಾವ."

"ನಿಮಗ ಬ್ಯಾಡಾಗಿತ್ತು ಅಂತ ತಿಳಕೊಂಡಿದ್ನಿರಿ ನಾ" ಎಂದೆ.

"ಬ್ಯಾಡಾಗಿತ್ತೋ ಬೇಕಾಗಿತ್ತೋ, ಯಾರೂ ಕೇಳಲಿಲ್ಲವಾ."

ಹೊರಗೆ ಓಣಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ಗಿಳಿಹಸಿರಿನ ಸೀರೆಯನ್ನು ತೆಗೆದು ಅತ್ತೆಯ ತೊಡೆಯ ಮೇಲೆ ಇಟ್ಟೆ. "ಇದು ನಿಮ್ಮದು. ಇಟ್ಕೋರಿ" ಎಂದೆ. ಅವರು ಅದನ್ನು ನೋಡಿದರು, ಮತ್ತೆ ಅಂಚಿಗೆ ಅಂಚು ಸೇರಿಸಿ ಮಡಿಸಿ ಗಂಟಿನೊಳಗೇ ಇಟ್ಟರು.

"ಇದು ನೀ ಬ್ಯಾಡಂತ ಬಿಟ್ಟದ್ದು. ಇದು ಬ್ಯಾಡ" ಎಂದರು. ಮೆಲ್ಲಗೇ ಅಂದರೂ ಗಟ್ಟಿಯಾಗಿ ಅಂದರು.

ಹೌದಲ್ಲ ಅನ್ನಿಸಿತು. ಬೇರೆಯವರು ಕೈಯಲ್ಲಿಟ್ಟದ್ದನ್ನೇ ಅಲ್ಲವೇ ಇಷ್ಟು ವರ್ಷ ಅವರು ಉಟ್ಟದ್ದು. "ಹಂಗಾದ್ರ ಗಂಗಾವತಿಗೆ ಹೋಗೂಣು. ನೀವ ಅಂಗಡ್ಯಾಗ ಕುಂತು ಆರಿಸ್ರಿ" ಎಂದೆ. ಅತ್ತೆ ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ, "ಯಾವಾಗ ಹೋಗೂಣು ಅಂದಿ?" ಎಂಬ ಪ್ರಶ್ನೆ ಬಂತು.

ರಾತ್ರಿ ಊಟಕ್ಕೆ ಕುಳಿತಾಗ ನಮ್ಮವರಿಗೆ ವಿಷಯ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ತಾಯಿಯ ಕಡೆ ನೋಡಿದರು. ಚಿಕ್ಕವರಿದ್ದಾಗಿನಿಂದ ತಾಯಿಯನ್ನು ಬೂದಿ, ಕಂದು ಸೀರೆಯಲ್ಲೇ ನೋಡಿಕೊಂಡು ಬಂದವರು. "ಹೋಗಿ ಬರ್ರಿ" ಎಂದಷ್ಟೇ ಅಂದರು. ಆಮೇಲೆ ಅಂಗಳದಲ್ಲಿ ಕೈ ತೊಳೆಯುತ್ತ ಬಹಳ ಹೊತ್ತು ನಿಂತೇ ಇದ್ದರು.

ಗಂಗಾವತಿಯ ಆ ಸೀರೆ ಅಂಗಡಿಗೆ ನಾನು ಚಿಕ್ಕವಳಿದ್ದಾಗಿನಿಂದ ಅವ್ವನ ಜೊತೆ ಹೋಗಿದ್ದೇನೆ. ಚಪ್ಪಲಿ ಬಿಟ್ಟು, ಬಿಳಿ ಹಾಸಿನ ಗಾದಿಯ ಮೇಲೆ ಕಾಲು ಮಡಿಸಿ ಕೂರುವ ಅಂಗಡಿ. ಅತ್ತೆ ಗಾದಿಯ ತುದಿಗೆ, ಎದ್ದು ಹೋಗುವವರ ಹಾಗೆ ಕುಳಿತರು. ಸೀರೆ ತೋರಿಸುವ ಮಧ್ಯವಯಸ್ಸಿನ ಮನುಷ್ಯ ಅವರ ಬರಿಹಣೆಯನ್ನು ಒಮ್ಮೆ ನೋಡಿ, ಕೇಳುವುದಕ್ಕೆ ಮೊದಲೇ ಬೂದಿ, ಕಂದು, ಮಾಸಲು ನೀಲಿಯ ಸೀರೆಗಳನ್ನು ತಂದು ಹರವಿದ.

"ಅಮ್ಮಾರಿಗೆ ಇವು ಒಪ್ತಾವ್ರಿ. ಮೆತ್ತಗದಾವ, ಒಗ್ಯಾಕ ಹಗುರು."

ಅತ್ತೆ ಮೊದಲನೆಯದನ್ನೇ ಮುಟ್ಟಿ, "ಇದ ಇರಲಿ ತಗೋ" ಎಂದು ನನ್ನ ಕಡೆ ತಿರುಗಿದರು.

"ಇವನ್ನ ತಗೀರಿ. ಬಣ್ಣದವು ತೋರಿಸ್ರಿ" ಎಂದೆ ಅವನಿಗೆ.

ಅವನು ಒಂದು ಗಳಿಗೆ ತಡೆದ. ಆಮೇಲೆ ಹಿಂದಿನ ಅಟ್ಟಣಿಗೆಯಿಂದ ಒಂದು ತೆಕ್ಕೆ ತಂದು ಒಂದರ ಮೇಲೊಂದು ಬಿಚ್ಚತೊಡಗಿದ. ಅತ್ತೆ ಸುಮ್ಮನೆ ನೋಡುತ್ತ ಕುಳಿತರು. ಕರೆದುಕೊಂಡು ಬಂದು ಅವರಿಗೆ ಕಷ್ಟ ಕೊಟ್ಟೆನೇನೋ ಅನ್ನಿಸಿತು. ಅಷ್ಟರಲ್ಲಿ ಅವರು ಮುಂದಕ್ಕೆ ಸರಿದು ಒಂದು ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದರು.

"ಇದು ಒಗದ್ರ ಬಣ್ಣ ಬಿಡತೈತಿ" ಎಂದರು.

"ಇಲ್ರಿ ಅಮ್ಮಾರ, ಗ್ಯಾರಂಟಿ ಅದಾವ."

"ನೀ ಗ್ಯಾರಂಟಿ ಅಂತಿ. ಆ ಉಳ್ಳಾಗಡ್ಡಿ ಬಣ್ಣದ್ದು ತಗಿ ನೋಡೂಣು. ಅದಲ್ಲ, ಅದರ ಕೆಳಗಿಂದು."

ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ, ಹಸಿರು ಅಂಚಿನ ಹತ್ತಿ ಸೀರೆ. ಅದನ್ನು ಎತ್ತಿಕೊಂಡು ಎದ್ದು ಅಂಗಡಿಯ ಬಾಗಿಲಿಗೆ ಹೋದರು. ರಸ್ತೆಯಲ್ಲಿ ಅಕ್ಕಿ ಚೀಲದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಅತ್ತೆ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತು ಸೆರಗನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಂದು ಗಾದಿಯ ನಡುವೆ ಸರಿಯಾಗಿ ಕಾಲು ಮಡಿಸಿ ಕುಳಿತರು. "ಇದೊಂದು. ಇನ್ನಷ್ಟು ತೋರಿಸು" ಎಂದರು.

ನಾವು ಅಲ್ಲಿಂದ ಎದ್ದಾಗ ಮಧ್ಯಾಹ್ನ ದಾಟಿತ್ತು. ಉಳ್ಳಾಗಡ್ಡಿ ಬಣ್ಣದ್ದಲ್ಲದೆ ಒಂದು ಅರಿಶಿನ ಬಣ್ಣದ್ದು, ನವಿಲಿನ ಕೊರಳಿನ ಬಣ್ಣದ್ದು ಒಂದು, ಮೂರು ಸೀರೆ ಆರಿಸಿದ್ದರು. ಮೂರೂ ಅವರೇ ಆರಿಸಿದ್ದು. ನಾನು ಬಾಯಿ ಹಾಕಲಿಲ್ಲ, ಹಾಕಲು ಅವರು ಜಾಗವನ್ನೂ ಬಿಡಲಿಲ್ಲ.

ಊಟಕ್ಕೆ ಅವ್ವನ ಮನೆಗೆ ಹೋದೆವು. ನನಗೆ ಒಳಗೊಳಗೇ ಅಳುಕು. ಅವ್ವ ಮಂದಿಯ ಮಾತಿಗೆ ಅಂಜುವವಳು. ಏನಾದರೂ ಅಂದುಬಿಟ್ಟರೆ ಅತ್ತೆ ಆ ಸೀರೆಗಳನ್ನು ಮತ್ತೆ ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಅವ್ವ ಚೀಲದಿಂದ ಸೀರೆಗಳನ್ನು ತೆಗೆದಳು. "ಇವು ಯಾರಿಗೆ?" ಎಂದಳು.

"ನನಗ್ರಿ ಬೀಗತ್ಯಾರ" ಎಂದರು ಅತ್ತೆ. ನೆಲ ನೋಡುತ್ತಿದ್ದರು.

ಅವ್ವ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅತ್ತೆಯನ್ನು. ಆಮೇಲೆ ಉಳ್ಳಾಗಡ್ಡಿ ಬಣ್ಣದ ಸೀರೆ ಬಿಚ್ಚಿ ಅತ್ತೆಯ ಹೆಗಲ ಮೇಲೆ ಹಾಕಿ, ಹಿಂದೆ ಸರಿದು ತಲೆ ವಾರೆ ಮಾಡಿ ನೋಡಿದಳು. "ನಿಮ್ಮ ಮೈಬಣ್ಣಕ್ಕ ಭಾಳ ಒಪ್ಪತೈತ್ರಿ. ಇಲ್ಲೇ ಬಿಟ್ಟು ಹೋಗ್ರಿ, ನಾ ಫಾಲ್ ಹಚ್ಚಿ ಕಳಸ್ತೀನಿ. ಹೊರಗ ಕೊಟ್ರ ಉದ್ದುದ್ದ ಹೊಲಿಗಿ ಹಾಕ್ತಾರ" ಎಂದಳು. ಹೇಳಿ ಅಡುಗೆಮನೆಗೆ ಹೋದವಳು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ನನಗಷ್ಟೇ ಕಾಣಿಸಿತು. ಅಪ್ಪ ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅವ್ವನ ಕಪಾಟಿನ ಬೀಗ ಯಾರೂ ತೆಗೆದಿರಲಿಲ್ಲ. ಹಿರಿಯರು ಅವಳ ಸೀರೆ ಹಂಚುವ ಮಾತು ಎತ್ತಿದಾಗ ನನ್ನ ಅಣ್ಣ, "ಅದು ಅವ್ವನ ಕಪಾಟು, ಅವ್ವನ್ನ ಕೇಳ್ರಿ" ಎಂದು ಮಾತು ಮುಗಿಸಿದ್ದ. ಆಗ ಅದು ನನಗೆ ಅಷ್ಟು ದೊಡ್ಡ ಮಾತಾಗಿ ಕಂಡಿರಲಿಲ್ಲ. ಅವ್ವ ಆ ಬೀಗವನ್ನು ಮುಂದೆ ತಾನೇ ತೆಗೆದಳು.

ಮುಂದಿನ ತಿಂಗಳು ಕುಷ್ಟಗಿಯಲ್ಲಿ ನಾದಿನಿಯ ಹೊಸ ಮನೆಯ ವಾಸ್ತುಶಾಂತಿ. ಅತ್ತೆ ಉಳ್ಳಾಗಡ್ಡಿ ಬಣ್ಣದ ಸೀರೆ ಉಟ್ಟರು. ಬಸ್ಸಿನಲ್ಲಿ ಸೆರಗನ್ನು ಮೈತುಂಬ ಹೊದ್ದು ಮುದುಡಿಕೊಂಡು ಕುಳಿತಿದ್ದರು. ಇಳಿಯುವಾಗ, "ಬದಲಿ ಮಾಡ್ಲೇನು?" ಎಂದು ಪಿಸುಗುಟ್ಟಿದರು. ಬ್ಯಾಗಿನಲ್ಲಿ ಕಂದು ಸೀರೆಯನ್ನೂ ಇಟ್ಟುಕೊಂಡು ಬಂದಿದ್ದರೆಂದು ಆಗ ತಿಳಿಯಿತು.

"ನಿಮಗ ಹ್ಯಾಂಗ ಬೇಕೋ ಹಂಗ ಮಾಡ್ರಿ ಅತ್ತಿ" ಎಂದೆ.

ಅವರು ಬದಲಿಸಲಿಲ್ಲ. ಮನೆಯ ಮುಂದೆ ಹಾಕಿದ ಪೆಂಡಾಲಿನಲ್ಲಿ ಹೆಂಗಸರ ಗುಂಪಿತ್ತು. ಅವರ ಓರಗೆಯ, ಊರ ಕಡೆಯ ಮುದುಕಿಯೊಬ್ಬಳು ಕೈ ಗಲ್ಲಕ್ಕೆ ಹಚ್ಚಿ, "ಏನವ್ವಾ, ಕೊಪ್ಪಳಕ್ಕ ಹೋಗಿ ಬಣ್ಣದ ಸೀರಿ ಉಡಾಕ ಹತ್ತೀಯಲ್ಲ!" ಎಂದಳು. ಸುತ್ತಲಿದ್ದವರು ಈ ಕಡೆ ತಿರುಗಿದರು.

"ಹೂಂನವ್ವಾ" ಎಂದರು ಅತ್ತೆ. "ನಾನ ಅಂಗಡ್ಯಾಗ ಕುಂತು ಆರಿಸ್ಕೊಂಡು ಬಂದೀನಿ. ಜಂಪರ್ ತೋಳು ಒಂಚೂರು ಬಿಗಿ ಹಿಡದೈತಿ ನೋಡು. ದರ್ಜಿ ಕೆಡಿಸ್ಯಾನ."

ಮುದುಕಿ ತೋಳು ಮುಟ್ಟಿ ನೋಡಿದಳು. "ಹೊಲಿಗಿ ಬಿಚ್ಚಿದ್ರ ಸಡಲ ಆಗತೈತಿ, ಒಳಗ ಅರಬಿ ಬಿಟ್ಟಿರತಾನ" ಎಂದಳು. ಮಾತು ದರ್ಜಿಗಳ ಕಡೆಗೆ ಹೊರಳಿ, ಅವಳ ಊರಿನ ದರ್ಜಿ, ಇವಳ ಊರಿನ ದರ್ಜಿ ಎಂದು ಎಲ್ಲಿಗೋ ಹೋಯಿತು. ಆಚೆ ಕುಳಿತಿದ್ದ ಒಂದಿಬ್ಬರು ಬಾಯಿ ಸೊಟ್ಟ ಮಾಡಿದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿರಬೇಕು. ಊಟಕ್ಕೆ ಮಾತ್ರ ಅವರು ಮೊದಲ ಪಂಕ್ತಿಯಲ್ಲೇ ಕುಳಿತರು.

ಸಂಜೆ ಜನ ಕಡಿಮೆಯಾದ ಮೇಲೆ ನಾದಿನಿ ನನ್ನನ್ನು ಹಿತ್ತಿಲಿಗೆ ಕರೆದಳು. "ವೈನಿ, ಅವ್ವನ ಅರಿಷಿಣ ಸೀರಿ ಆವಾಗ ನಾನ ತಗೊಂಡಿದ್ದೆ. ಹರಿಯೂತನಾ ಉಟ್ಟೆ. ಆಕಿಗೆ ಬೇಕಿತ್ತೇನೋ ಅಂತ ಒಂದಿನಾನೂ ವಿಚಾರ ಮಾಡಲಿಲ್ಲ ನೋಡ್ರಿ" ಎಂದಳು. ನನ್ನದೂ ಅದೇ ಕಥೆ ಎಂದೆ. ನಾನು ತಂದ ಗಂಟನ್ನು ಅವಳ ಹೆಣ್ಣುಮಕ್ಕಳು ಅಷ್ಟರಲ್ಲಿ ಬಿಚ್ಚಿ ಹಂಚಿಕೊಳ್ಳುತ್ತ ಕೂಗಾಡುತ್ತಿದ್ದರು.

ಆಮೇಲೆ ಎರಡು ಬಾಗಿಲ ಕಪಾಟನ್ನೇ ತಂದೆವು. ಒಂದು ಬಾಗಿಲ ಹಿಂದೆ ನನ್ನದು. ಇನ್ನೊಂದರಲ್ಲಿ ಮೇಲೆ ನಮ್ಮವರ ಅಂಗಿ ಪ್ಯಾಂಟು, ಕೆಳಗೆ ಅತ್ತೆಯ ಸೀರೆ. ನನ್ನ ಪಾಲಿನಲ್ಲಿ ವಾರಕ್ಕೆ ಸಾಕಾಗಿ ಸ್ವಲ್ಪ ಮಿಗುವಷ್ಟು ಆಫೀಸಿನ ಸೀರೆ, ಕರೆದ ಮನೆಗೆ ಉಟ್ಟು ಹೋಗಲು ಕೆಲವು, ಕೊಟ್ಟವರ ಮುಖ ನೆನಪಾಗಿ ಕೊಡಲಾಗದೆ ಉಳಿದವು ಕೆಲವು ಇವೆ. ಹಾಲಿನ ಕಲೆಯ ವಾಯಿಲ್ ಸೀರೆಯೂ ಇದೆ, ಅದನ್ನು ಉಡುವುದಿಲ್ಲ. ಆಯೇರಿ ಬರುವುದು ನಿಂತಿಲ್ಲವಾದ್ದರಿಂದ ಆಗಾಗ ತೆಗೆದು ಕೊಡುತ್ತಲೇ ಇರುತ್ತೇನೆ. ಎಷ್ಟು ಸೀರೆ ಸಾಕು ಎಂದು ಈಗ ಯಾರಾದರೂ ಕೇಳಿದರೆ ನನ್ನದನ್ನು ಹೇಳುತ್ತೇನೆ, ಮತ್ತೊಬ್ಬರದನ್ನು ಹೇಳಲು ಹೋಗುವುದಿಲ್ಲ.

ದೀಪಾವಳಿಗೆ ನಮ್ಮವರು ತಾವೇ ಅಂಗಡಿಗೆ ಹೋಗಿ ತಾಯಿಗೊಂದು ಸೀರೆ ತಂದರು. ಅತ್ತೆ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು, "ಇಂಥಾ ಕಣ್ಣಿಗೆ ಹೊಡಿಯೂ ಗಿಚ್ಚ ಬಣ್ಣ ಯಾಕ ತಂದೀಯೋ, ನನ್ನ ಕೇಳಿ ತರಬಾರದಾ?" ಎಂದು ಮಗನಿಗೆ ಬಯ್ದರು. ಬಯ್ದು ಎದ್ದು ಹೋಗಿ ಕಪಾಟು ತೆಗೆದರು. ತಮ್ಮ ಹಲಗೆಯಲ್ಲಿ ಜಾಗ ಹುಡುಕಿ, ಸಿಗದೆ, ನನ್ನ ಕಡೆಯ ಬಾಗಿಲನ್ನೂ ತೆಗೆದರು.

"ನಿನ್ನ ಕಡೆ ಖಾಲಿ ಐತಲ್ಲವಾ. ಇಲ್ಲಿ ಇಡ್ಲೇನು?"

"ಇಡ್ರಿ ಅತ್ತಿ" ಎಂದು ನನ್ನ ಜಂಪರುಗಳನ್ನು ಒಂದು ಬದಿಗೆ ಸರಿಸಿದೆ.